ಗ್ರಹಾಂ ಅವರ ಕಿಲ್ಟ್ ಮತ್ತು ಯಾರೂ ಕೊಡದ ದೂರು

2024ರ ನವೆಂಬರಿನಲ್ಲಿ ನಾನು ಮಿಷಿಗನ್‌ನ ಟ್ರಾಯ್‌ನಲ್ಲಿ, ಕಾರಿನ ಸೀಟುಗಳನ್ನು ತಯಾರಿಸುವ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೆ. ಸೇರಿ ಹದಿನಾಲ್ಕು ತಿಂಗಳಾಗಿತ್ತು. ನೌಕರರ ತಕರಾರು, ರಜೆ, ಉಡುಪಿನ ನಿಯಮ ಇವೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಮೇಲಧಿಕಾರಿ ಲಿಂಡಾ ಇದ್ದದ್ದು ಶಿಕಾಗೋ ಬಳಿಯ ಓಕ್ ಬ್ರೂಕ್‌ನ ಮುಖ್ಯ ಕಚೇರಿಯಲ್ಲಿ; ನಮ್ಮ ಮಾತೆಲ್ಲ ವಿಡಿಯೊ ಕಾಲ್‌ನಲ್ಲೇ. ದಿನಾ ಸಂಜೆ ಡೈರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ, ಹಾಗಾಗಿ ಇಲ್ಲಿನ ತಾರೀಖುಗಳು ನೆನಪಿನಿಂದ ಹೇಳಿದವಲ್ಲ.

ನಮ್ಮದು ಹಳೆಯ ಶಿಸ್ತಿನ ಕಚೇರಿ. ಸುತ್ತಲಿನ ಕಂಪನಿಗಳಲ್ಲಿ ಜನ ಜೀನ್ಸ್ ಹಾಕಿಕೊಂಡು ಬರತೊಡಗಿ ವರ್ಷಗಳಾಗಿದ್ದರೂ ನಮ್ಮಲ್ಲಿ ಗಂಡಸರಿಗೆ ಇಸ್ತ್ರಿ ಮಾಡಿದ ಪ್ಯಾಂಟು, ಕಾಲರಿನ ಅಂಗಿ, ಕಪ್ಪು ಅಥವಾ ಕಂದು ಶೂ. "ಇಲ್ಲಿ ಶುಕ್ರವಾರಾನೂ ಸೋಮವಾರದ ಥರಾನೇ ಇರುತ್ತಮ್ಮ" ಎಂದು ಪ್ರಕಾಶ್ ಅಂಕಲ್ ನನ್ನ ಮೊದಲ ವಾರದಲ್ಲೇ ಎಚ್ಚರಿಸಿದ್ದರು. ದಾವಣಗೆರೆಯ ಅವರು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಎಂಜಿನಿಯರ್. ನಾವಿಬ್ಬರೇ ಇದ್ದಾಗ ಕನ್ನಡ. ಉಳಿದವರ ಮುಂದೆ ನಾನು ಬಾಯಿತಪ್ಪಿ ಅಂಕಲ್ ಎಂದರೆ, "ಏಯ್, ಪ್ರಮೋಶನ್ ಸಿಗೋ ಟೈಮಲ್ಲಿ ವಯಸ್ಸು ಹೇಳ್ಬೇಡ" ಎಂದು ಪಿಸುಗುಟ್ಟುತ್ತಿದ್ದರು.

ನವೆಂಬರ್ 4, ಸೋಮವಾರ ಬೆಳಿಗ್ಗೆ ಗ್ರಹಾಂ ಕಿಲ್ಟ್ ಉಟ್ಟು ಬಂದರು. ಸ್ಕಾಟ್ಲೆಂಡಿನ ಗಂಡಸರು ಉಡುವ, ಹಿಂದೆ ನೆರಿಗೆ ಹಿಡಿದ, ಮೊಣಕಾಲಿಗೆ ನಿಲ್ಲುವ ಉಣ್ಣೆಯ ಉಡುಪು ಅದು. ಕಡು ಹಸಿರು, ನೀಲಿ ಚೌಕಳಿ. ಸೊಂಟದ ಮುಂದೆ ಚರ್ಮದ ಚೀಲ. ಮೊಣಕಾಲಿನ ಕೆಳಗೆ ದಪ್ಪ ಸಾಕ್ಸ್. ಮೇಲೆ ಎಂದಿನ ಬಿಳಿ ಅಂಗಿ, ಟೈ. ಗ್ರಹಾಂ ಟೆಸ್ಟ್ ಲ್ಯಾಬಿನವರು, ಐವತ್ತೆಂಟರ ಸೌಮ್ಯ ಮನುಷ್ಯ. ಸೀಟು ಮುರಿಯುವವರೆಗೆ ಯಂತ್ರದಿಂದ ಅದನ್ನು ಒತ್ತಿ, ಅಲುಗಾಡಿಸಿ ನೋಡುವುದು ಅವರ ಕೆಲಸ. ಲಿಫ್ಟಿನಲ್ಲಿ ಅವರ ಜೊತೆ ನಾವು ಐದು ಜನ ಇದ್ದೆವು. ಯಾರೂ ನಗಲಿಲ್ಲ, ಹುಬ್ಬೇರಿಸಲಿಲ್ಲ. ಮೂರನೆಯ ಮಹಡಿ ಬರುವವರೆಗೆ ಎಲ್ಲರೂ ಬಾಗಿಲ ಮೇಲಿನ ಅಂಕಿಯನ್ನೇ ನೋಡುತ್ತಿದ್ದೆವು.

ಮಧ್ಯಾಹ್ನ ಊಟದ ಹೊತ್ತಿಗೆ ಮಹಡಿ ತುಂಬ ಆ ಮಾತೇ ಇರುತ್ತದೆ ಎಂದುಕೊಂಡಿದ್ದೆ. ಒಂದು ಮಾತೂ ಇರಲಿಲ್ಲ. ಮಂಗಳವಾರವೂ ಕಿಲ್ಟ್, ಬುಧವಾರವೂ ಕಿಲ್ಟ್. ಅವರು ಬಂದರೆ ಕಾಫಿ ಯಂತ್ರದ ಬಳಿ ಇದ್ದವರ ಕಪ್ಪು ತುಂಬಿಬಿಡುತ್ತಿತ್ತು, ಎಲ್ಲರೂ ಚದುರುತ್ತಿದ್ದರು. ಅವರ ಪಕ್ಕದ ಪ್ರಿಂಟರ್ ಬಿಟ್ಟು ಜನ ದೂರದ ಪ್ರಿಂಟರಿಗೆ ಹೋಗತೊಡಗಿದರು. ನಮ್ಮ ಮಹಡಿಯಲ್ಲಿ ಸೆನ್ಸರ್ ದೀಪಗಳಿದ್ದವು, ಯಾರಾದರೂ ಓಡಾಡುತ್ತಿದ್ದರೆ ಮಾತ್ರ ಉರಿಯುವಂಥವು. ಎರಡನೆಯ ವಾರ ಶುರುವಾಗುವ ಹೊತ್ತಿಗೆ ಗ್ರಹಾಂ ಕೂರುವ ಮೂಲೆಯ ದೀಪಗಳು ಹಾಡಹಗಲೇ ಆರಿಹೋಗುತ್ತಿದ್ದವು. ಆ ಕತ್ತಲಲ್ಲಿ ಒಂದು ಕೈ ನಿಧಾನವಾಗಿ ಮೇಲೇಳುತ್ತಿತ್ತು, ಬೀಸುತ್ತಿತ್ತು, ದೀಪ ಹತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕತ್ತಲು.

ಗ್ರಹಾಂ ಅವರ ಕಿಲ್ಟಿನ ಸುದ್ದಿ ಹೇಗೋ ಕಿವಿಗೆ ಬಿದ್ದು, ನವೆಂಬರ್ 11ರಂದು ಲಿಂಡಾ ಕಾಲ್ ಮಾಡಿದರು. ಮುಂದಿನ ಸೋಮವಾರ, 18ಕ್ಕೆ, ದೊಡ್ಡ ಗ್ರಾಹಕ ಕಂಪನಿಯೊಂದರ ತಂಡ ಲ್ಯಾಬ್ ನೋಡಲು ಬರುವುದಿತ್ತು. "ಶುಕ್ರವಾರದೊಳಗೆ ದೂರುಗಳನ್ನು ಸೇರಿಸಿ ನನಗೆ ವರದಿ ಕಳಿಸು. ಪ್ಯಾಂಟು ಅಥವಾ ರಾಜೀನಾಮೆ, ಯಾವುದೆಂದು ಅವನೇ ತೀರ್ಮಾನಿಸಲಿ" ಎಂದರು.

"ದೂರುಗಳೇ ಬಂದಿಲ್ಲವಲ್ಲ?"

"ನೀನು ಕೇಳಿಲ್ಲ. ಕೇಳಿದರೆ ಬರುತ್ತವೆ."

ಆ ಮಹಡಿಯಲ್ಲಿ ಗ್ರಹಾಂ ಅವರ ಅಕ್ಕಪಕ್ಕ ಕೂರುವ ಆರು ಜನರನ್ನು ಒಬ್ಬೊಬ್ಬರಾಗಿ ಚಿಕ್ಕ ಮೀಟಿಂಗ್ ರೂಮಿಗೆ ಕರೆದು ಕೇಳಿದೆ. ಇಂಥ ಮಾತುಕತೆಗೆ ನಮ್ಮ ವೃತ್ತಿಯಲ್ಲಿ ಒಂದು ಕ್ರಮವಿದೆ: ಉತ್ತರವನ್ನು ನಾವು ಬಾಯಿಗಿಡಬಾರದು. "ಗ್ರಹಾಂ ಅವರಲ್ಲಿ ಏನಾದರೂ ಬದಲಾವಣೆ ಗಮನಿಸಿದ್ದೀರಾ?" ಎಂದಷ್ಟೇ ಕೇಳಿದೆ. ಮೊದಲನೆಯವರು, ಇಲ್ಲ, ಅಷ್ಟಾಗಿ ಗಮನಿಸಿಲ್ಲ ಎಂದರು. ಆಮೇಲೆ ತಾವಾಗಿಯೇ ಹೇಳತೊಡಗಿದರು: ಕಿಲ್ಟಿನ ಅಂಚಿಗೆ ಹಾಕುವ ಪಿನ್ನಿನ ತುದಿ ಬಾಗಿದೆ, ಎಡಗಾಲಿನ ಸಾಕ್ಸ್ ಬಲಗಾಲಿನದಕ್ಕಿಂತ ಸಡಿಲ, ಚರ್ಮದ ಚೀಲದ ಮೂರು ಕುಚ್ಚಿನಲ್ಲಿ ಒಂದು ಇಲ್ಲ. ಎರಡನೆಯವರೂ ಗಮನಿಸಿರಲಿಲ್ಲ, ಅವರಿಗೂ ಪಿನ್ನಿನ ಬಾಗಿದ ತುದಿ ಗೊತ್ತಿತ್ತು. ಮೂರನೆಯವರಿಗೂ ಗೊತ್ತಿತ್ತು. ಯಾರೂ ಅವರನ್ನು ನೋಡುತ್ತಿರಲಿಲ್ಲ, ಆದರೆ ಎಲ್ಲರೂ ಅವರನ್ನು ಪೂರ್ತಿ ನೋಡಿದ್ದರು.

ಅದಕ್ಕಿಂತ ನನ್ನನ್ನು ಕಾಡಿದ್ದು ಅವರು ಮಾತಾಡಿದ ರೀತಿ. ದನಿ ತಗ್ಗಿಸಿ, "ಒಳ್ಳೆಯ ಮನುಷ್ಯ ಆಗಿದ್ದ", "ತುಂಬ ತಿಳಿದವನಾಗಿದ್ದ" ಎನ್ನುತ್ತಿದ್ದರು. ಗಾಜಿನ ಗೋಡೆಯ ಆಚೆ ಆ ಮನುಷ್ಯ ಕೂತು ಬ್ರೆಡ್ಡು ತಿನ್ನುತ್ತಿದ್ದರು.

ಆರನೆಯವರು ಪ್ರಕಾಶ್ ಅಂಕಲ್. ಬಾಗಿಲು ಹಾಕಿಕೊಂಡು ಕೂತವರೇ, "ನಂದೇನೂ ಕಂಪ್ಲೇಂಟ್ ಇಲ್ಲಮ್ಮ" ಎಂದರು. "ನಾನ್ಯಾವ ಬಾಯಲ್ಲಿ ಹೇಳ್ಲಿ? ಟೆಂಪಲ್ ಪಾರ್ಕಿಂಗ್ ಲಾಟಲ್ಲಿ ಕಾರೊಳಗೇ ಪಂಚೆ ಉಟ್ಕೊಂಡು, ವಾಪಸ್ ಬರೋವಾಗ ಕಾರೊಳಗೇ ಪ್ಯಾಂಟ್ ಏರಿಸ್ಕೊಂಡು ಬರೋನು ನಾನು. ಗ್ಯಾಸ್ ಸ್ಟೇಶನ್ನಲ್ಲಿ ಯಾರಾದ್ರೂ ನೋಡಿಬಿಟ್ರೆ ಅಂತ. ಆ ಪುಣ್ಯಾತ್ಮ ಆಫೀಸಿಗೇ ಬಂದಿದಾನೆ."

"ಯಾಕೆ ಅಂತ ಕೇಳಿದ್ರಾ ಅಂಕಲ್?"

"ಜುಲೈನಲ್ಲಿ ಅವ್ರ ಹೆಂಡ್ತಿ ತೀರ್ಕೊಂಡ್ರು. ನಿಂಗೊತ್ತಿಲ್ವಾ? ಎಲ್ರೂ ಕಾರ್ಡಿಗೆ ಸೈನ್ ಮಾಡಿ ಕಳ್ಸಿದ್ವಿ."

ಜುಲೈ ಕೊನೆಯಲ್ಲಿ ಗ್ರಹಾಂ ಅವರ ಮೂರು ದಿನದ ರಜೆಗೆ ನಾನೇ ಒಪ್ಪಿಗೆ ಕೊಟ್ಟಿದ್ದೆ. ಕಾರಣದ ಜಾಗದಲ್ಲಿ ‘ಕುಟುಂಬ’ ಎಂದಷ್ಟೇ ಇತ್ತು. "ಕಾರ್ಡ್ ಸರಿ. ಹೋಗಿ ಮಾತಾಡಿಸಿದ್ರಾ?"

"ಇಲ್ಲಿ ಹಾಗೆಲ್ಲ ಮನೆಗೆ ನುಗ್ಗೋ ಹಾಗಿಲ್ಲಮ್ಮ. ಪ್ರೈವಸಿ ಅಂತಾರೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಸರಿಯಾಗಿ ಕಲ್ತಿರೋದು ಅದೊಂದೇ."

ನವೆಂಬರ್ 13, ಬುಧವಾರ ಗ್ರಹಾಂ ಅವರನ್ನು ಕರೆದೆ. ಉಡುಪಿನ ನಿಯಮದ ಪುಟ ನನ್ನ ಮುಂದಿತ್ತು. ಅದನ್ನು ಬದಿಗೆ ಸರಿಸಿ, "ಕಿಲ್ಟ್ ಯಾಕೆ ಉಡುತ್ತಿದ್ದೀರಿ?" ಎಂದು ಕೇಳಿದೆ.

ಅವರು ಉತ್ತರಿಸುವ ಮೊದಲು ಗೋಡೆಯ ಗಡಿಯಾರ ನೋಡಿ, ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಹೊತ್ತನ್ನು ಬರೆದುಕೊಂಡರು. ಲ್ಯಾಬಿನವರ ಅಭ್ಯಾಸ ಅದು. ಸೀಟು ಮುರಿದ ಗಳಿಗೆಯನ್ನು ಹಾಗೆ ಬರೆದುಕೊಳ್ಳುತ್ತಾರೆ.

"ಎಂಟನೆಯ ದಿನ" ಎಂದರು. "ನೀನೇ ಮೊದಲು."

"ಯಾವುದಕ್ಕೆ?"

"ಕೇಳಿದ್ದಕ್ಕೆ. ಜುಲೈನಿಂದ ನನ್ನನ್ನು ಯಾರೂ ಏನೂ ಕೇಳಿಲ್ಲ. ಮೊದಮೊದಲು ಸಂಕೋಚ ಇರಬಹುದು ಅಂದುಕೊಂಡೆ. ಆಮೇಲೆ ನನಗೇ ಅನುಮಾನ ಬಂತು, ನಾನಿನ್ನೂ ಇದ್ದೇನೋ ಇಲ್ಲವೋ ಅಂತ. ಅದಕ್ಕೇ ಒಂದು ಟೆಸ್ಟ್ ಇಟ್ಟೆ. ಯಾರ ಕಣ್ಣಿಗೂ ಬೀಳದೆ ಇರಲು ಸಾಧ್ಯವಿಲ್ಲದಂಥ ಬಟ್ಟೆ ಹಾಕಿಕೊಂಡೆ."

ಅವರ ಕೆಲಸದ ಒಂದು ನಿಯಮ ನನಗೆ ಗೊತ್ತಿತ್ತು. ಯಾವ ಟೆಸ್ಟೇ ಆದರೂ ಶುರು ಮಾಡುವ ಮೊದಲೇ ಅದನ್ನು ಎಲ್ಲಿಗೆ ನಿಲ್ಲಿಸಬೇಕೆಂದು ತೀರ್ಮಾನಿಸಿರಬೇಕು. "ಎಲ್ಲಿಗೆ ನಿಲ್ಲಿಸಬೇಕು ಅಂತಿದ್ದಿರಿ?" ಎಂದೆ.

"ಈ ಶುಕ್ರವಾರ."

"ಆಮೇಲೆ?"

ಅವರು ಕಿಲ್ಟಿನ ಅಂಚನ್ನು ಮೊಣಕಾಲ ಮೇಲೆ ನೇರ ಮಾಡಿಕೊಂಡರು. ಅವರ ಮುಖದಲ್ಲಿ ದುಃಖವೇನೂ ಇರಲಿಲ್ಲ. ಲೆಕ್ಕ ಸರಿಯಾಗಿ ಬಂದವರ ಸಮಾಧಾನ ಇತ್ತು.

ಇಂಥ ಹೊತ್ತಿನಲ್ಲಿ ಎಚ್‌ಆರ್‌ನವರು ಊಹೆ ಮಾಡಿಕೊಂಡು ಕೂರಬಾರದು, ನೇರವಾಗಿ ಕೇಳಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕೇಳಿದೆ: "ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯಾ?" ಗ್ರಹಾಂ, "ಇತ್ತು" ಎಂದರು. ಕಂಪನಿಯ ಆಪ್ತಸಮಾಲೋಚಕರಿಗೆ ಆ ಕೋಣೆಯಿಂದಲೇ ಫೋನ್ ಮಾಡಿಸಿದೆ. ಅವರು ಮಾತಾಡಿ ಮುಗಿಸುವವರೆಗೆ ಹೊರಗೆ ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಆ ಸಂಜೆ ಫಿಲಡೆಲ್ಫಿಯಾದಿಂದ ಅವರ ತಂಗಿ ಹೊರಟರು, ಮರುದಿನ ಬಂದು ಸೇರಿದರು.

ಲಿಂಡಾಗೆ ವರದಿ ಕಳಿಸಿದೆ. ವೈಯಕ್ತಿಕ ವಿಷಯ ಯಾವುದನ್ನೂ ಬರೆಯಲಿಲ್ಲ. ಆರು ಜನರನ್ನು ಕೇಳಲಾಯಿತು, ಒಬ್ಬರದೂ ದೂರಿಲ್ಲ. ಆರೋಗ್ಯದ ಕಾರಣಕ್ಕೆ ಅವರ ಮೇಲೆ ಈಗ ಯಾವ ಕ್ರಮವೂ ಬೇಡ. ಲಿಂಡಾ ತೆರೆಯ ಮೇಲೆ ನನ್ನನ್ನೇ ನೋಡುತ್ತಾ, "ಸೋಮವಾರದ ಗತಿ?" ಎಂದರು. "ಲ್ಯಾಬನ್ನು ಅವರಷ್ಟು ಚೆನ್ನಾಗಿ ತೋರಿಸುವವರು ಬೇರೆ ಯಾರಿದ್ದಾರೆ?" ಎಂದೆ. ಅವರು ನಿಟ್ಟುಸಿರುಬಿಟ್ಟು, "ಮುಚ್ಚು" ಎಂದರು. ಪ್ರಕರಣವನ್ನೋ ನನ್ನ ಬಾಯನ್ನೋ ಎಂದು ನಾನು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಪ್ರಕಾಶ್ ಅಂಕಲ್ ನನ್ನ ಮೇಜಿನ ಬಳಿ ಬಂದು ನಿಂತರು. ಅವರಿಗೆ ನಾನು ಹೇಳಿದ್ದು ಒಂದೇ ಮಾತು: ಗ್ರಹಾಂ ಅವರನ್ನು ಯಾರಾದರೂ ಮಾತಾಡಿಸಿದರೆ ಒಳ್ಳೆಯದು. "ಸಂಜೆ ಅವ್ರ ಮನೆಗೆ ಹೋಗೋಣ. ಫೋನ್ ಮಾಡಿ ಕೇಳ್ದೆ, ಬನ್ನಿ ಅಂದ್ರು. ನಾನ್ ಡ್ರೈವ್ ಮಾಡ್ತೀನಿ" ಎಂದರು. "ನಾಲ್ಕು ತಿಂಗ್ಳು ಲೇಟಾಯ್ತು. ಆದ್ರೂ ಹೋಗೋಣ."

ಗ್ರಹಾಂ ಅವರ ಮನೆ ಇದ್ದದ್ದು ಪ್ಲಿಮತ್‌ನಲ್ಲಿ. ಹೆದ್ದಾರಿ ಬಿಟ್ಟು ಅವರ ಬಡಾವಣೆಯೊಳಗೆ ತಿರುಗುವ ಹೊತ್ತಿಗೆ ಕತ್ತಲಾಗಿತ್ತು, ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಬೆಲ್ ಒತ್ತಿದೆವು. ಸದ್ದೇ ಬರಲಿಲ್ಲ. ಅದರ ಬದಲು ಆ ಮನೆಯ ಎಲ್ಲ ಕಿಟಕಿಗಳ ಬೆಳಕೂ ಒಮ್ಮೆಗೇ ಮಿನುಗಿ ಸುಮ್ಮನಾಯಿತು. ಅಂಕಲ್ ಒಂದು ಹೆಜ್ಜೆ ಹಿಂದೆ ಸರಿದು ನನ್ನ ತೋಳು ಹಿಡಿದುಕೊಂಡರು.

ಒಳಗೆ ಟಿವಿ ಮೂಕವಾಗಿ ನಡೆಯುತ್ತಿತ್ತು, ಕೆಳಗೆ ಅಕ್ಷರಗಳು ಸರಿಯುತ್ತಿದ್ದವು. ಗ್ರಹಾಂ ಅವರ ಹೆಂಡತಿ ರೂತ್‌ಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲವಂತೆ; ಬೆಲ್ ಒತ್ತಿದರೆ ದೀಪ ಮಿನುಗುವ ಏರ್ಪಾಡು ಅವರಿಗಾಗಿ ಮಾಡಿದ್ದು. ಮದುವೆಯ ದಿನ ಉಟ್ಟ ಕಿಲ್ಟ್ ಇದು. ಜಾತ್ರೆಯಂಥ ಜನಸಂದಣಿಯಲ್ಲಿ ಎಷ್ಟು ಕೂಗಿದರೂ ಆಕೆಗೆ ಕೇಳದು, ಆದರೆ ಇದನ್ನು ಉಟ್ಟಿದ್ದರೆ ಎಷ್ಟು ದೂರದಿಂದಲೂ ಗಂಡನನ್ನು ಹುಡುಕಿಬಿಡುತ್ತಿದ್ದರಂತೆ. ಹೇಳುತ್ತಾ ಗ್ರಹಾಂ ಅವರ ಕೈಗಳು ಗಾಳಿಯಲ್ಲಿ ಸನ್ನೆಭಾಷೆಯಲ್ಲಿ ಬೇರೇನೋ ಹೇಳುತ್ತಿದ್ದವು, ನಮ್ಮಿಬ್ಬರ ನಡುವಿನ ಖಾಲಿ ಕುರ್ಚಿಗೆ. ನಾವು ಒಂದು ಗಂಟೆ ಕೂತೆವು. ಅವರ ತಂಗಿ ಚಹಾ ಕೊಟ್ಟರು. ಅಂಕಲ್ ರೂತ್ ಬಗ್ಗೆ ಒಂದೊಂದೇ ಕೇಳಿದರು: ಯಾವ ಊರು, ಏನು ಅಡುಗೆ ಇಷ್ಟ, ಕೊನೆಗೆ ಹೇಗಾಯಿತು. ಗ್ರಹಾಂ ಎಲ್ಲಕ್ಕೂ ಉತ್ತರಿಸಿದರು.

ಸಾವಾದ ಮನೆಯಿಂದ ಏಳುವಾಗ ನಮ್ಮ ಕಡೆ ‘ಹೋಗಿ ಬರ್ತೀವಿ’ ಎನ್ನುವುದಿಲ್ಲ. ಹೇಳದೆ ಎದ್ದು ಬಂದುಬಿಡುತ್ತೇವೆ. ಆ ಮನೆಗೆ ಅಂಥ ಕಾರಣಕ್ಕೆ ಮತ್ತೆ ಬರುವಂತಾಗದಿರಲಿ ಎಂದು. ಅಂಕಲ್ ಹಾಗೆಯೇ ಎದ್ದು, ತಲೆ ತಗ್ಗಿಸಿ ಶೂ ಹಾಕಿಕೊಂಡರು. ಗ್ರಹಾಂ ಬಾಗಿಲಲ್ಲಿ ನಿಂತು, "ಮತ್ತೆ ಬರುತ್ತೀರಾ?" ಎಂದರು.

ಅಂಕಲ್ ಬಾಯಿ ತೆರೆದು ಮುಚ್ಚಿದರು. ಏನು ತಡೆಯುತ್ತಿದೆ ಎಂದು ನನಗೆ ಗೊತ್ತಿತ್ತು, ಅವರ ತಾಯಿ, ತಂದೆ ಎಲ್ಲರೂ ಸಾವಿನ ಮನೆಗಳಲ್ಲಿ ಆಡದೆ ಬಿಟ್ಟ ಮಾತು ಅದು. ಗ್ರಹಾಂ ಕಾಯುತ್ತಿದ್ದರು.

"ಬರ್ತೀವಿ" ಎಂದರು ಅಂಕಲ್, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. "ಮುಂದಿನ ಶುಕ್ರವಾರ."

ಆ ನಂತರ ಎಷ್ಟೋ ದೂರುಗಳನ್ನು ಪರಿಶೀಲಿಸಿದ್ದೇನೆ. ಜಗಳ, ಕೂಗಾಟ, ಕಣ್ಣೀರು ಎಲ್ಲ ಇದ್ದವು; ಅವು ಯಾವುವೂ ನನ್ನನ್ನು ಹೆದರಿಸಿಲ್ಲ. ಈಗಲೂ ಹೊಸ ಮಹಡಿಗೆ ಹೋದಾಗ ನಾನು ಹುಡುಕುವುದು, ಯಾರೂ ಮಾತಾಡಿಸದ, ಯಾರೂ ದೂರು ಕೂಡ ಕೊಡದ ಮನುಷ್ಯ ಎಲ್ಲಿ ಕೂರುತ್ತಾನೆ ಎಂದು. ಮೊದಲು ಅಲ್ಲಿಗೆ ಹೋಗುತ್ತೇನೆ.