ಚೆನ್ನಪ್ಪನ ಪಿಕಪ್ಪು ಕುಡಿದ ತೀರ್ಥ

ಮುಳ್ಳೇರಿಯದ ಚೆನ್ನಪ್ಪ ಮೂಲತಃ ಎತ್ತಿನ ಗಾಡಿಯವನು. ಕಾಸರಗೋಡಿನವರೆಗಿನ ಒಂದೊಂದು ಏರೂ ಅವನಿಗೆ ಎತ್ತುಗಳ ಏದುಸಿರಿನಿಂದಲೇ ಪರಿಚಯ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪಿಕಪ್ಪೊಂದನ್ನು ಎಡನೀರಿನ ಜನಾರ್ದನ ಭಟ್ಟರು ಕೊಂಡು ತಂದು, ಓಡಿಸು ಎಂದು ಇವನ ಕೈಗೆ ಕೊಟ್ಟಾಗ ಅವನಿಗೆ ನಲವತ್ತೈದು ದಾಟಿತ್ತು. ಆ ವಯಸ್ಸಿನಲ್ಲಿ ಗೇರು, ಕ್ಲಚ್ಚು ಕಲಿಯುವುದೆಂದರೆ ಹುಡುಗಾಟವಲ್ಲ. ಬಿದ್ದು ಎದ್ದು ಕಲಿತ. ಏರು ಬಂದಾಗ ನಾಲಗೆ ಲೊಚಗುಟ್ಟಿ ಪಿಕಪ್ಪನ್ನು ಹುರಿದುಂಬಿಸುವ ಅಭ್ಯಾಸ ಮಾತ್ರ ಬಿಟ್ಟುಹೋಗಲಿಲ್ಲ. ಭಟ್ಟರ ಮನೆಗೆ ಮೋಟಾರು ಹೋಗುವ ದಾರಿ ಮಳೆಗಾಲದಲ್ಲಿ ಕೆಸರಾಗುತ್ತಿದ್ದುದರಿಂದ ಪಿಕಪ್ಪು ಇವನ ಮನೆಯ ಪಕ್ಕದ ಕೊಟ್ಟಿಗೆಯಲ್ಲೇ, ಹಿಂದೆ ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ಇರುತ್ತಿತ್ತು.

ಆ ವರ್ಷ ದೀಪಾವಳಿಯ ಗೋಪೂಜೆಯ ದಿನ ಚೆನ್ನಪ್ಪ ಮನೆಯ ದನಕ್ಕೆ ಹೂಮಾಲೆ ಹಾಕಿ, ಅವಲಕ್ಕಿ ತಿನ್ನಿಸಿ, ದೇವಸ್ಥಾನದಿಂದ ಗಿಂಡಿಯಲ್ಲಿ ತಂದ ತೀರ್ಥವನ್ನು ಅದರ ಬಾಯಿಗೆ ಹೊಯ್ದ. ಪಿಕಪ್ಪಿಗೂ ಒಂದು ಮಾಲೆ ಹಾಕಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇಲ್ಲ. ಗಿಂಡಿಯಲ್ಲಿ ಇನ್ನೂ ತೀರ್ಥ ಉಳಿದಿತ್ತು. ಎತ್ತುಗಳಿದ್ದಾಗ ಒಂದು ವರ್ಷವೂ ತಪ್ಪಿಸದವನಿಗೆ ಇದೊಂದನ್ನು ಬಾಯಾರಿಸಿ ನಿಲ್ಲಿಸಲು ಮನಸ್ಸು ಬರಲಿಲ್ಲ. ಪೆಟ್ರೋಲು ಟಾಂಕಿಯ ಮುಚ್ಚಳ ತೆಗೆದು, ಭಕ್ತಿಯಿಂದ ಅಷ್ಟನ್ನೂ ಹೊಯ್ದುಬಿಟ್ಟ. ಪೆಟ್ರೋಲಿಗೆ ನೀರು ಸೇರಬಾರದೆಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ತೀರ್ಥ ಅವನ ಮಟ್ಟಿಗೆ ನೀರೇ ಅಲ್ಲ.

ಪೆಟ್ರೋಲಿಗೆ ಕೂಪನ್ನು ಬೇಕಿದ್ದ ಕಾಲ. ಎರಡು ವಾರ ಪಿಕಪ್ಪು ಕೊಟ್ಟಿಗೆ ಬಿಟ್ಟು ಅಲ್ಲಾಡಲಿಲ್ಲ. ಅಷ್ಟರಲ್ಲಿ ಭಟ್ಟರ ಮಗಳು ಸೌದಾಮಿನಿಯ ಮದುವೆ ಬಂತು. ಅಡಿಗೆಯ ಕೊಪ್ಪರಿಗೆಗಳನ್ನು ಮುಳ್ಳೇರಿಯದಿಂದ ಬೆಳಗಾಗುವಷ್ಟರಲ್ಲಿ ಎಡನೀರಿಗೆ ಮುಟ್ಟಿಸಬೇಕಿತ್ತು. ಪೆಟ್ರೋಲು ಕೊಟ್ಟವನು ಕುಂಞ ಮಣಿಯಾಣಿ. ಪೇಟೆಯಲ್ಲಿ ಪೆಟ್ರೋಲು, ಚಿಮಿಣಿ ಎಣ್ಣೆ ಮಾರಿ, ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ. ಲಾಳಿಕೆಯ ಮೇಲೆ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ಸೋಸದೆ ಅವನು ಯಾರಿಗೂ ಒಂದು ತೊಟ್ಟು ಹೊಯ್ದವನಲ್ಲ. ಅಂದೂ ಹಾಗೆಯೇ ಎರಡು ಟಿನ್ನು ಸೋಸಿ ಹೊಯ್ದು, ಮದುವೆಗೆ ಬೇಕಾದ ಗ್ಯಾಸ್‌ಲೈಟುಗಳೊಂದಿಗೆ ತಾನೂ ಹತ್ತಿ ಕುಳಿತ.

ಎಡನೀರಿಗೆ ಎರಡು ಮೈಲಿ ಇರುವಾಗ, ಏರಿನ ನಡುವೆ, ಪಿಕಪ್ಪು ಕೆಮ್ಮಿ ನಿಂತಿತು. ಕಾರ್ಬುರೇಟರು ಬಿಚ್ಚಿದರೆ ಒಳಗೆ ನೀರಿನ ಹನಿ. ಒರೆಸಿ ಮತ್ತೆ ಶುರು ಮಾಡಿದ, ಮತ್ತೆ ನಿಂತಿತು. ಕೊನೆಗೆ ಹತ್ತಿರದ ಗುಡಿಸಲುಗಳಿಂದ ಜನ ಕರೆದು ಕೊಪ್ಪರಿಗೆ ಹೊರಿಸಬೇಕಾಯಿತು. ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆಯನ್ನು ಹೊತ್ತವನು ಕುಂಞನೇ.

ಮಧ್ಯಾಹ್ನದ ಊಟ ಬಾಳೆಯೆಲೆಗೆ ಬರುವಾಗ ನಾಲ್ಕು ಗಂಟೆ. ಗಂಡಿನ ಕಡೆಯವರ ಮುಖ ಊದಿಕೊಂಡಿತ್ತು. ಎತ್ತು ಹೊಡೆಯುವವನ ಕೈಗೆ ಮೋಟಾರು ಕೊಟ್ಟದ್ದು ತನ್ನ ಬುದ್ಧಿಗೇಡಿತನವೆಂದು ಭಟ್ಟರು ತುಂಬಿದ ಅಂಗಳದಲ್ಲಿ ಹೇಳಿದರು. ಆ ಮಾತು ಚೆನ್ನಪ್ಪನಿಗೆ ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು.

"ನನ್ನ ತಪ್ಪಲ್ಲ ಧಣಿ. ಈ ಮಣಿಯಾಣಿಯ ಪೆಟ್ರೋಲಿನಲ್ಲಿ ನೀರುಂಟು" ಎಂದುಬಿಟ್ಟ.

ಗ್ಯಾಸ್‌ಲೈಟಿಗೆ ಗಾಳಿ ಹಾಕುತ್ತಿದ್ದ ಕುಂಞನ ಕೈ ನಿಂತಿತು. "ನಿಮ್ಮ ಎದುರೇ ಸೋಸಿ ಹೊಯ್ದದ್ದಲ್ವಾ ಚೆನ್ನಪ್ಪಣ್ಣ?"

"ಬಟ್ಟೆಯಲ್ಲಿ ಕಸ ನಿಲ್ತದೆ ಮಾರಾಯ, ನೀರು ನಿಲ್ತದಾ?"

ಅಂಗಳ ನಕ್ಕಿತು. ಕುಂಞ ತಲೆ ತಗ್ಗಿಸಿ ಮತ್ತೆ ಗಾಳಿ ಹಾಕತೊಡಗಿದ.

ಮೂರನೆಯ ದಿನ ಚೆನ್ನಪ್ಪ ಟಾಂಕಿಯ ಅಡಿಯ ಬಿರಡೆ ತೆಗೆದು, ಇದ್ದುದನ್ನೆಲ್ಲ ಒಂದು ಬೋಗುಣಿಗೆ ಇಳಿಸಿದ. ಮೇಲೆ ಪೆಟ್ರೋಲು, ಅಡಿಯಲ್ಲಿ ನೀರು. ಇದನ್ನೇ ಒಯ್ದು ಪೇಟೆಗೆಲ್ಲ ತೋರಿಸುತ್ತೇನೆ ಎಂದುಕೊಳ್ಳುತ್ತಿರುವಾಗ ನೀರಿನಲ್ಲಿ ಏನೋ ಕಪ್ಪಗೆ ಕಂಡಿತು. ಬೆರಳಿನಿಂದ ಎತ್ತಿ ನೋಡಿದ. ತುಳಸಿದಳ.

ಬಟ್ಟೆಯಲ್ಲಿ ಕಸ ನಿಲ್ಲುತ್ತದೆ ಎಂದು ಹೇಳಿದ್ದು ಅವನದೇ ಬಾಯಿ. ಎರಡು ಮಡಿಕೆಯ ಬಟ್ಟೆ ದಾಟಿ ಈ ದಳ ಬಂದಿರಲು ಸಾಧ್ಯವಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಹೆಂಡತಿ ಜಲಜಾಕ್ಷಿ ಬಂದು ಎಂತ ಅದು ಎಂದು ಕೇಳಿದರೆ, ಎಂತದೂ ಇಲ್ಲ ಎಂದು ದಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಆಡಿದ ಮಾತು, ಒಡೆದ ಮುತ್ತು. ಬಸ್ಸಿನವರು ಕುಂಞನ ಅಂಗಡಿ ಬಿಟ್ಟು ಕಾಸರಗೋಡಿನಲ್ಲೇ ಪೆಟ್ರೋಲು ತುಂಬಿಸತೊಡಗಿದರು. ಚಿಮಿಣಿ ಎಣ್ಣೆಗೆ ಬಂದ ಹೆಂಗಸರು ಕೂಡ ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡತೊಡಗಿದರು. ಚೆನ್ನಪ್ಪ ಮೂರು ಸಲ ಆ ಅಂಗಡಿಯವರೆಗೆ ಹೋಗಿ, ಬೆಂಕಿಪೆಟ್ಟಿಗೆ ಕೊಂಡು ಹಿಂದೆ ಬಂದ. ಮನೆಯಲ್ಲಿ ಬೆಂಕಿಪೆಟ್ಟಿಗೆ ಹೆಚ್ಚಾಯಿತೇ ಹೊರತು ಎದೆಯ ಭಾರ ಇಳಿಯಲಿಲ್ಲ. ಹೇಡಿ ಎಂದು ತನ್ನನ್ನೇ ಬೈದುಕೊಂಡ. ನಾಲ್ಕನೆಯ ಸಲ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಒಣಗಿದ ದಳವನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದ.

ಕುಂಞ ಕೇಳಿಸಿಕೊಂಡ. ಸಿಟ್ಟು ಮಾಡಲಿಲ್ಲ. "ಕೂಗಿದ್ದು ಮದುವೆ ಅಂಗಳದಲ್ಲಿ ಚೆನ್ನಪ್ಪಣ್ಣ. ಹೇಳ್ಲಿಕ್ಕೆ ಮಾತ್ರ ಯಾರೂ ಇಲ್ಲದಾಗ ಬಂದಿರಿ" ಎಂದಷ್ಟೇ ಹೇಳಿ, ದಳವನ್ನು ಹಿಂದಕ್ಕೆ ತಳ್ಳಿದ.

ತಿಂಗಳು ಕಳೆದು ಭಟ್ಟರಲ್ಲಿ ಸತ್ಯನಾರಾಯಣ ಪೂಜೆ. ಅದೇ ಅಂಗಳ, ಹೆಚ್ಚುಕಮ್ಮಿ ಅದೇ ಜನ. ಗ್ಯಾಸ್‌ಲೈಟು ಮಾತ್ರ ಬೇರೆಯವರದು. ತೀರ್ಥ ಹಂಚುವಾಗ ಚೆನ್ನಪ್ಪ ಕೈ ಒಡ್ಡಲಿಲ್ಲ. ಭಟ್ಟರು ಯಾಕೆಂದು ಕೇಳಿದರು.

"ಟಾಂಕಿಗೆ ನೀರು ಹೊಯ್ದದ್ದು ನಾನು ಧಣಿ" ಎಂದ ಚೆನ್ನಪ್ಪ. ಸ್ವರ ಸಣ್ಣದಾಯಿತೆನಿಸಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. "ಗೋಪೂಜೆಗೆ ತೀರ್ಥ ಕುಡಿಸಿದ್ದು. ಕುಂಞನ ಪೆಟ್ರೋಲು ಚೊಕ್ಕ ಉಂಟು. ಸುಳ್ಳು ಹೇಳಿದ್ದು ನಾನು."

ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಿಕಪ್ಪಿಗೆ ಪ್ರಸಾದವೂ ಬೇಕೇ ಎಂದು ಒಬ್ಬ, ಏಕಾದಶಿ ಉಪವಾಸವುಂಟೇ ಎಂದು ಇನ್ನೊಬ್ಬ. ಚೆನ್ನಪ್ಪ ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿದ. ಸಾಯುವವರೆಗೆ ಅವನ ಹೆಸರು ತೀರ್ಥದ ಚೆನ್ನಪ್ಪ ಎಂದೇ ಉಳಿಯಿತು. ಅದಕ್ಕೆ ಅವನು ಒಮ್ಮೆಯೂ ಸಿಟ್ಟಾಗಲಿಲ್ಲ.

ಮರುದಿನ ಪಿಕಪ್ಪನ್ನು ಕುಂಞನ ಅಂಗಡಿಯೆದುರು ನಿಲ್ಲಿಸಿದ. ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಕುಂಞ ಟಿನ್ನು ತಂದ, ಲಾಳಿಕೆ ಇಟ್ಟ, ಬಟ್ಟೆಯನ್ನು ಎರಡು ಮಡಿಕೆ ಮಾಡಿದ. ಸೋಸುವುದು ಬೇಡ ಮಾರಾಯ, ಹಾಗೆಯೇ ಹೊಯ್ಯಿ ಎಂದ ಚೆನ್ನಪ್ಪ.

"ಇಲ್ಲ" ಎಂದ ಕುಂಞ, ಬಟ್ಟೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು. "ಹಿಡ್ಕೊಳ್ಳಿ. ಇನ್ನು ಮುಂದೆ ಸೋಸುವಾಗೆಲ್ಲ ನೀವೇ ಹಿಡ್ಕೊಳ್ಬೇಕು."

ಪೆಟ್ರೋಲು ಇಳಿದು ಮುಗಿಯುವವರೆಗೆ ಚೆನ್ನಪ್ಪ ಬಟ್ಟೆಯನ್ನೇ ನೋಡುತ್ತ ನಿಂತ. ಅದರಲ್ಲಿ ಒಂದು ಕಸವೂ ಇರಲಿಲ್ಲ.