ಅಕ್ಕ ಮುಟ್ಟಿದರೆ ನಿಲ್ಲುವ ಇಂಜಿನ್

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಬ್ರೂಸ್‌ಪೇಟೆಯ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಮಾಲೀಕರು ನನ್ನ ಸ್ಟೂಲನ್ನೇ ತೆಗೆಸಿಬಿಟ್ಟಿದ್ದರು, ಹೇಗೂ ಇವನು ಕೂರುವುದಿಲ್ಲ, ಜಾಗವಾದರೂ ಉಳಿಯಲಿ ಅಂತ. ಗಾಳಿ ಒಲೆ, ಮದುವೆ ಮೆರವಣಿಗೆಯ ಗ್ಯಾಸ್ ಲೈಟು, ನೀರೆತ್ತುವ ಸಣ್ಣ ಇಂಜಿನ್, ಬಂದದ್ದನ್ನೆಲ್ಲ ಬಿಚ್ಚುತ್ತಿದ್ದೆ. ಯುದ್ಧ ಮುಗಿದಿತ್ತು, ಆದರೆ ಪೆಟ್ರೋಲು ಇನ್ನೂ ಚೀಟಿಯ ಮೇಲೇ ಸಿಗುತ್ತಿತ್ತು. ಸಿಕ್ಕಿದ್ದರಲ್ಲಿ ನೀರೆಷ್ಟು, ಸೀಮೆಎಣ್ಣೆ ಎಷ್ಟು ಎಂಬುದು ದೇವರಿಗೇ ಗೊತ್ತು. ಹೀಗಾಗಿ ಅಂಗಡಿಗೆ ಬರುತ್ತಿದ್ದ ಇಂಜಿನ್‌ಗಳ ಮುಕ್ಕಾಲು ಪಾಲು ರೋಗ ಕಾರ್ಬುರೇಟರಿನಲ್ಲೇ ಇರುತ್ತಿತ್ತು.

ಒಂದು ದಿನ ಸಿರುಗುಪ್ಪದ ಅಕ್ಕಿ ಮಿಲ್ಲಿನ ಗಾಡಿಯವನು ಅಂಗಡಿಗೆ ಬಂದು ಅದೇ ಊರಲ್ಲಿದ್ದ ನನ್ನ ಅಕ್ಕನ ಸುದ್ದಿ ಹೇಳಿದ. "ಆಕಿ ಮುಟ್ಟಿದ್ರ ಇಂಜಿನ್ ನಿಲ್ತೈತಂತ. ನಿನ್ನ ಜಲ್ದಿ ಬಾ ಅಂದಾಳ."

ಅಕ್ಕ ವಿಧವೆ. ಭಾವ ಬದುಕಿದ್ದಾಗ ಕಾಲುವೆಗಿಂತ ಎತ್ತರದಲ್ಲಿದ್ದ ತನ್ನ ಪಾಲಿನ ಹೊಲಕ್ಕೆ ನೀರೆತ್ತಲೆಂದು ಆ ಇಂಜಿನ್ ತಂದಿದ್ದ. ಅವನು ಹೋದ ಮೇಲೆ ಅಕ್ಕ ತಾನೇ ಹ್ಯಾಂಡಲ್ ತಿರುವಲು ಕಲಿತಳು, ತಾನೇ ಭತ್ತ ಬೆಳೆದಳು. ಅವಳ ಮೈದುನನಿಗೆ ಇದು ಮೊದಲಿನಿಂದಲೂ ನುಂಗಲಾರದ ತುತ್ತು. ಇಂಜಿನ್ ಓಡುತ್ತಿದ್ದರೆ ಹೊಲ ಅಕ್ಕನ ಕೈಯಲ್ಲಿ. ನಿಂತರೆ ಇಂಜಿನ್ ಮಾರಾಟಕ್ಕೆ, ಹೊಲ ಮೈದುನನ ಕೈಗೆ, ಅಕ್ಕ ಅಡುಗೆಮನೆಗೆ. ಕುರುಗೋಡಿನಿಂದ ಒಬ್ಬ ರೈತ ತನ್ನ ಬಾವಿಗೆಂದು ಇಂಜಿನ್ ನೋಡಲು ಬರುವವನಿದ್ದಾನೆ ಎಂದೂ ಗಾಡಿಯವನು ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಮುಟ್ಟಿದರೆ ನಿಲ್ಲಲು ಅದೇನು ಹಾಲು ಕರೆಯುವ ಎಮ್ಮೆಯೇ?

ಸತ್ಯನಾರಾಯಣಪೇಟೆಯ ನನ್ನ ಕೋಣೆಗೆ ಓಡಿ, ಒಂದು ಹಳೇ ಧೋತರವನ್ನೂ ಸಾಮಾನಿನ ಚೀಲವನ್ನೂ ಹಿಡಿದು ಬಸ್ಸು ಹತ್ತಿದೆ. ಬಸ್ಸು ಇದ್ದಿಲ ಗ್ಯಾಸಿನದು. ದಾರಿಯಲ್ಲಿ ಉಸಿರು ಕಟ್ಟಿ ನಿಂತಾಗಲೆಲ್ಲ ಕ್ಲೀನರ್ ಇಳಿದು ಇದ್ದಿಲು ಕೆದಕುತ್ತಿದ್ದ. ನಾನೂ ಇಳಿದು, ಹಾಗಲ್ಲ ಹೀಗೆ ಅಂತ ಹೇಳಿ, ಡ್ರೈವರನಿಂದ ಬೈಸಿಕೊಂಡೆ.

ಹೊಲಕ್ಕೆ ಹೋದರೆ ಸಸಿಮಡಿ ಹಳದಿಗೆ ತಿರುಗಿತ್ತು. ಅಕ್ಕ ಇಂಜಿನ್ ಪಕ್ಕದಲ್ಲಿ ನಿಂತಿದ್ದಳು, ಅವಳ ಅತ್ತೆ ದೂರದ ಜಾಲಿ ಮರದ ಕೆಳಗೆ. ಆ ಮುದುಕಿ ಕೆಟ್ಟವಳಲ್ಲ. ಮಗ ತಂದ ಇಂಜಿನ್ ಎಂಬ ಪ್ರೀತಿಗೆ, ಅದು ಮನೆಗೆ ಬಂದ ದಿನದಿಂದ ಪ್ರತಿ ಶುಕ್ರವಾರ ತಪ್ಪದೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಎಣ್ಣೆಯಲ್ಲಿ ಕಲಸಿ, ಟ್ಯಾಂಕಿನ ಮುಚ್ಚಳದ ನಟ್ಟನಡುವೆ, ಹಣೆಗೆ ಇಟ್ಟ ಹಾಗೆ. ಅಕ್ಕ ಮುಟ್ಟಿದರೆ ನಿಲ್ಲುತ್ತದೆ ಎಂದು ಊರು ಆಡಿಕೊಳ್ಳಲು ಶುರುಮಾಡಿದ ಮೇಲೆ ಶುಕ್ರವಾರಕ್ಕೆ ಕಾಯಲಿಲ್ಲ. ಅಕ್ಕ ಮುಟ್ಟಿದಾಗಲೆಲ್ಲ ಹಿಂದೆಯೇ ಬಂದು ಒಂದು ಬೊಟ್ಟು ಇಟ್ಟು ಹೋಗುತ್ತಿದ್ದಳು.

ಆ ಇಂಜಿನ್ ಹೊರಡಲು ಒಂದಿಷ್ಟು ಪೆಟ್ರೋಲು ಬೇಕು, ಬಿಸಿಯಾದ ಮೇಲೆ ನಲ್ಲಿ ತಿರುವಿದರೆ ಟ್ಯಾಂಕಿನ ಸೀಮೆಎಣ್ಣೆಯಲ್ಲಿ ಓಡುತ್ತದೆ. ನಾನು ಮುಚ್ಚಳ ತೆಗೆದು ನೆಲದ ಮೇಲಿಟ್ಟು, ಎಣ್ಣೆಯನ್ನೆಲ್ಲ ಧೋತರದಲ್ಲಿ ಸೋಸಿದೆ. ಜಾಲರಿ ತೊಳೆದೆ. ಕಾರ್ಬುರೇಟರಿನ ಬಟ್ಟಲು ಬಿಚ್ಚಿದೆ, ತೇಲುವ ಬುರುಡೆಯೊಳಗೆ ಎಣ್ಣೆ ಹೊಕ್ಕಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿದೆ, ಜೆಟ್ಟಿನ ತೂತಿಗೆ ಬಾಯಿಟ್ಟು ಊದಿದೆ. ಎಲ್ಲ ಸರಿಯಿತ್ತು. ಜೋಡಿಸಿ ತಿರುವಿದರೆ ಇಂಜಿನ್ ಹೊರಟೇಬಿಟ್ಟಿತು, ಎಣ್ಣೆ ಇಳಿಯುವುದನ್ನು ನಾನು ಬಗ್ಗಿ ನೋಡುತ್ತಿದ್ದಷ್ಟು ಹೊತ್ತೂ ಓಡಿತು. ನೋಡಿದಿರಾ ಎಂದು ಮೀಸೆ ತಿರುವಿ, ಅದನ್ನು ನಿಲ್ಲಿಸಿ, ಅಕ್ಕನಿಗೆ ಒಪ್ಪಿಸಿದೆ.

ಅಕ್ಕ ಮುಚ್ಚಳ ಒರೆಸಿ, ಬಿಗಿಯಾಗಿ ತಿರುಗಿಸಿ, ಹ್ಯಾಂಡಲ್ ಹಾಕಿದಳು. ಹೊರಟಿತು. ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಓಡಿ, ಕೆಮ್ಮಿ, ನಿಂತಿತು.

ಅತ್ತೆ ಸದ್ದಿಲ್ಲದೆ ಬಂದು ಬೊಟ್ಟು ಇಟ್ಟಳು. ಅಷ್ಟರಲ್ಲಿ ಮೈದುನ ಬಂದ. ಮುಚ್ಚಳ ಎತ್ತಿ ಒಳಗೆ ಇಣುಕಿದ, ಅದನ್ನು ಹಾಗೇ ಮೇಲಿಟ್ಟ, ತಿರುವಿದ. ಇಂಜಿನ್ ಅವನ ಕೈಯಲ್ಲಿ ಗಂಡನ ಮನೆಯ ಹೊಸ ಸೊಸೆಯ ಹಾಗೆ ತಗ್ಗಿಬಗ್ಗಿ ಓಡಿತು. ಅವನು ನನ್ನ ಕಡೆ ನೋಡಿ ತಾನೂ ಮೀಸೆ ತಿರುವಿದ, ಅದು ನನಗೆ ಚುಚ್ಚಿತು. ಅವನು ನಿಲ್ಲಿಸಿ ಹೋದ ಮೇಲೆ ಅಕ್ಕ ಮತ್ತೆ ತಿರುವಿದಳು, ಮತ್ತೆ ನಿಂತಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಬ್ಬಿಣಕ್ಕೆ ಹೆಂಗಸರು ಗಂಡಸರು ಎಂಬ ಭೇದ ಗೊತ್ತಾಗಲು ಸಾಧ್ಯವೇ ಇಲ್ಲ, ಆದರೆ ಕಣ್ಣೆದುರಿಗೇ ಗೊತ್ತಾದ ಹಾಗೆ ಕಾಣುತ್ತಿತ್ತಲ್ಲ.

ಮರುದಿನ ಬೆಳಿಗ್ಗೆ ಕುರುಗೋಡಿನ ರೈತ ಬರುವವನಿದ್ದ. ಹೊತ್ತು ಹುಟ್ಟುವ ಮೊದಲೇ ಇಂಜಿನ್ನಿನ ಸುತ್ತ ತಿರುಗತೊಡಗಿದೆ. ಪೆಟ್ರೋಲು ತಳ ಕಂಡಿತ್ತು, ಹೆಚ್ಚೆಂದರೆ ಇನ್ನೆರಡು ಸಲ ಹೊರಡಿಸಬಹುದಿತ್ತು. ಏನು ಬಿಚ್ಚಲಿ, ಏನು ಬಿಡಲಿ ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದೆ. ಅಕ್ಕ ಬದುವಿನ ಮೇಲೆ ಕೂತು ನನ್ನನ್ನು ನೋಡಿ ನೋಡಿ ಸಾಕಾಗಿ, ಒಂದು ಕಡೆ ನಿಲ್ಲು, ತಲೆ ತಿರುಗುತ್ತದೆ ಎಂದಳು. ನಿಂತೆ. ಆಮೇಲೆ ಅವಳು ಇಂಜಿನ್ನನ್ನೇ ನೋಡುತ್ತ ಹೇಳಿದಳು.

"ನಾ ಮಾಡಿದ್ದೆಲ್ಲ ಅವನೂ ಮಾಡ್ತಾನ. ಮುಚ್ಚಳ ಒಂದು ಬಿಗಿ ತಿರುವೋದಿಲ್ಲ. ನಾ ತಿರುವತೀನಿ, ಧೂಳು ಬೀಳ್ತೈತಿ ಅಂತ."

ನಾನು ಆ ಮುಚ್ಚಳವನ್ನು ಕೈಗೆತ್ತಿಕೊಂಡೆ. ಹಿಂದಿನ ದಿನ ನಾನೇ ತೆಗೆದು ನೆಲದ ಮೇಲಿಟ್ಟಿದ್ದರೂ ಅದನ್ನು ತಿರುಗಿಯೂ ನೋಡಿರಲಿಲ್ಲ. ನಡುವೆ ಅರಿಶಿನ ಕುಂಕುಮ ಪದರದ ಮೇಲೆ ಪದರವಾಗಿ ಬಿಲ್ಲೆಯಂತೆ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಎಬ್ಬಿಸಿದೆ. ಅದರ ಕೆಳಗೆ ಸೂಜಿ ಹೋಗುವಷ್ಟು ಒಂದು ತೂತು, ಪೂರ್ತಿ ಮುಚ್ಚಿಹೋಗಿತ್ತು. ಎಣ್ಣೆ ಕೆಳಗೆ ಇಳಿಯಬೇಕಾದರೆ ಆ ತೂತಿನಿಂದ ಗಾಳಿ ಒಳಗೆ ಬರಬೇಕು. ಒಂದೇ ಕಣ್ಣು ಚುಚ್ಚಿದ ತೆಂಗಿನಕಾಯಿಯನ್ನು ಬೋರಲು ಹಿಡಿದರೆ ನೀರು ಬರುವುದೇ? ಅಕ್ಕನ ಶಿಸ್ತಿಗೆ ಇಂಜಿನ್ ಉಸಿರುಗಟ್ಟುತ್ತಿತ್ತು, ಮೈದುನನ ಅಸಡ್ಡೆಗೆ ಓಡುತ್ತಿತ್ತು. ನನಗೆ ನಗು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಕ್ಕ ಜಾಲಿ ಮುಳ್ಳೊಂದನ್ನು ಮುರಿದು ತಂದು, ಆ ತೂತನ್ನು ತಾನೇ ಬಿಡಿಸಿದಳು.

ಕುರುಗೋಡಿನ ರೈತ ಬಂದ. ಮೈದುನ, ಅತ್ತೆ, ಅಕ್ಕಪಕ್ಕದ ಹೊಲದವರು, ಎಲ್ಲ ಸೇರಿದರು. ಎಲ್ಲರಿಗೂ ಕಾಣುವ ಹಾಗೆ ಅಕ್ಕ ಎರಡೂ ಕೈಯಿಂದ ಮುಚ್ಚಳ ಬಿಗಿದಳು, ಹ್ಯಾಂಡಲ್ ಹಾಕಿದಳು. ಒಂದು ಎಲೆಯಡಿಕೆಯ ಹೊತ್ತು ಕಳೆಯಿತು, ಎರಡನೆಯದೂ ಕಳೆಯಿತು. ನೀರು ಸಸಿಮಡಿ ತುಂಬಿ ಬದು ದಾಟಿತು. ರೈತನಿಗೆ ಇಂಜಿನ್ ಬಹಳ ಮನಸ್ಸಿಗೆ ಬಂತು. ಇದು ಕೊಡುವುದಲ್ಲ ಎಂದು ಅಕ್ಕ ಹೇಳಿ, ಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟು ಕಳಿಸಿದಳು.

ನಾನು ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಮೈದುನ ಎದ್ದು ಹೋದ. ಮುದುಕಿ ಮಾತ್ರ ಮುಚ್ಚಳದಿಂದ ಎಬ್ಬಿಸಿದ ಆ ಕೆಂಪು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟಿದ್ದಳು. ಅದನ್ನೇ ತಿರುವಿ ನೋಡುತ್ತ ಕೇಳಿದಳು, "ಹಂಗಾದ್ರ ತಪ್ಪು ಕುಂಕುಮದ್ದೇನು?"

ಅಕ್ಕ ಅಂದಳು, "ಕುಂಕುಮದ್ದಲ್ಲ ಅತ್ತಿ. ನಂದೂ ಅಲ್ಲ."

ನಾನು ನಡುವೆ ಬಾಯಿ ಹಾಕಿದೆ. ಹಚ್ಚಲೇಬೇಕು ಅಂದರೆ ಇಂಜಿನ್ನಿನ ಪಕ್ಕದ ಆ ದೊಡ್ಡ ಗಾಲಿಗೆ ಹಚ್ಚಿರಿ, ಅದಕ್ಕೆ ತೂತಿಲ್ಲ ಎಂದುಬಿಟ್ಟೆ.

ಶುಕ್ರವಾರದವರೆಗೂ ಅಲ್ಲೇ ಉಳಿದೆ, ಮುದುಕಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಆದರೆ ಅವಳು ನನ್ನ ಮಾತಿನಂತೆ ಗಾಲಿಗೇ ಹಚ್ಚಿದಳು. ಈ ಸಲ ಎಣ್ಣೆಯಲ್ಲಿ ಕಲಸದೆ ಒಣ ಕುಂಕುಮವನ್ನೇ ಚಿಟಿಕೆ ಚಿಟಿಕೆ ಒತ್ತಿದಳು. ಅಕ್ಕ ಹ್ಯಾಂಡಲ್ ತಿರುವಿದಳು. ಗಾಲಿ ಗಿರ್ರನೆ ತಿರುಗಿದ್ದೇ ತಡ, ಕುಂಕುಮ ಹಾರಿ ಅವಳ ಹಣೆ, ಕೆನ್ನೆ, ಸೀರೆಯ ಮೇಲೆಲ್ಲ ಬಿತ್ತು.

ಎಲ್ಲರೂ ನಿಂತಲ್ಲೇ ನಿಂತೆವು. ಅಕ್ಕ ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳಲು ಪುರುಸೊತ್ತೂ ಇರಲಿಲ್ಲ, ಆ ಹೊತ್ತಿಗೆ ಸರಿಯಾಗಿ ನಲ್ಲಿ ತಿರುವದಿದ್ದರೆ ಇಂಜಿನ್ ನಿಲ್ಲುತ್ತದೆ. ಬಗ್ಗಿ ನಲ್ಲಿ ತಿರುವಿ, ನೀರಿನ ಕಡೆ ನಡೆದಳು. ನಾನು ಮುದುಕಿಯ ಮುಖ ನೋಡಿದೆ, ಇನ್ನೇನು ರಂಪ ಮಾಡುತ್ತಾಳೆ ಎಂದುಕೊಂಡೆ. ಅವಳು ತಟ್ಟೆ ಎತ್ತಿಕೊಂಡು ಮನೆಗೆ ಹೋದಳು.

ಕೊಯ್ಲಿನ ಮೊದಲು ಮತ್ತೊಮ್ಮೆ ಸಿರುಗುಪ್ಪಕ್ಕೆ ಹೋಗಿದ್ದೆ. ಅವತ್ತೂ ಶುಕ್ರವಾರ. ಮುದುಕಿ ಗಾಲಿಗೆ ಈಗ ಚಿಟಿಕೆಯಲ್ಲಲ್ಲ, ಹಿಡಿ ತುಂಬ ಕುಂಕುಮ ಒತ್ತುತ್ತಿದ್ದಳು. ಒತ್ತಿ ಮುಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಸೆ ಬಂದು ಹ್ಯಾಂಡಲ್ ಹಾಕಲಿ ಎಂದು ಕಾಯುತ್ತ ನಿಂತಳು.