‘ಆದ್ರೆ’ ಎಂಬಲ್ಲಿ ಕಿತ್ತ ಕಾರ್ಡು

ಎಂಬತ್ತರ ದಶಕದಲ್ಲಿ ಹೊಸನಗರದ ಕಡೆಯ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಕರೆಗಳನ್ನು ಜೋಡಿಸಿಕೊಡಲು ಆಪರೇಟರ್ ಒಬ್ಬರಿದ್ದರು. ವಯಸ್ಸಿನಲ್ಲಿ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಸಾಗರಕ್ಕೆ ಮಾತಾಡಲು ಇದ್ದದ್ದು ಒಂದೇ ಟ್ರಂಕ್ ಲೈನು. ಅದರ ಜೀವವೆಲ್ಲ ಬೀರುವಿನಂಥ ಕಬ್ಬಿಣದ ಪೆಟ್ಟಿಗೆಯೊಳಗೆ ಸಿಕ್ಕಿಸಿದ ಅಂಗೈಯಗಲದ ಒಂದು ಸರ್ಕ್ಯೂಟ್ ಕಾರ್ಡಿನಲ್ಲಿತ್ತು.

ಒಮ್ಮೆ ಆ ಕಾರ್ಡು ಕೆಟ್ಟು, ಲೈನಿನ ತುಂಬ ಹಪ್ಪಳ ಕರಿದಂಥ ಸದ್ದು. ಮಧ್ಯಾಹ್ನದ ಬಸ್ಸಿನಲ್ಲಿ ಹೊಸ ಕಾರ್ಡು ಬಂತು. ಬದಲಿಸುವ ಕ್ರಮ ನನಗೆ ಬಾಯಿಪಾಠ: ಲೈನಿನಲ್ಲಿ ಯಾರೂ ಮಾತಾಡುತ್ತಿಲ್ಲವೆಂದು ನೋಡಿಕೊಳ್ಳಬೇಕು, ಆಚೆ ತುದಿಯವರಿಗೆ ತಿಳಿಸಬೇಕು, ಕರೆಂಟು ತೆಗೆಯಬೇಕು, ಅರ್ತ್ ತಂತಿ ಮುಟ್ಟಿ, ಕಾರ್ಡಿನ ಅಂಚು ಹಿಡಿದು ಮೆಲ್ಲಗೆ ಎಳೆಯಬೇಕು.

ಆ ಹೊತ್ತಿಗೆ, ಆ ಸದ್ದಿನ ನಡುವೆಯೇ, ಲೈನಿನಲ್ಲಿ ನಮ್ಮೂರಿನ ಗೌಡರೊಬ್ಬರಿದ್ದರು. ತಮ್ಮ ಸೋದರಳಿಯನಿಗೆ ಸಾಗರದಲ್ಲಿ ಹೆಣ್ಣು ಗೊತ್ತು ಮಾಡುವ ಮಾತು. ಟ್ರಂಕ್ ಕರೆಗೆ ಮೂರು ಮೂರು ನಿಮಿಷದ ಲೆಕ್ಕ; ಅದು ಮುಗಿದಾಗಲೆಲ್ಲ ಅಕ್ಕನಿಗೆ, “ಇನ್ನೂ ಮೂರು ನಿಮಿಷ ಕೊಡವ್ವಾ” ಎನ್ನುತ್ತಿದ್ದರು. ನನಗೋ ನಾಲ್ಕು ಗಂಟೆಗೆ ವಾಲಿಬಾಲ್ ಪಂದ್ಯ.

“ತಡ್ಕಳೋ ಮಾರಾಯ, ಮದ್ವೆ ವಿಷ್ಯ,” ಎಂದರು ಅಕ್ಕ.

“ಇವ್ರು ಮದ್ವೆಯಾಗಿ ಮಕ್ಕಳಾಗೋವರ್ಗೂ ಮಾತಾಡ್ತಾರೆ ಅಕ್ಕಾ!”

ಮೊದಲೆರಡು ನಿಯಮ ಬಿಟ್ಟು, ಮಿಕ್ಕಿದ್ದನ್ನೆಲ್ಲ ಶಾಸ್ತ್ರೋಕ್ತವಾಗಿ ಮಾಡಿ, ಕಾರ್ಡು ಕಿತ್ತೇಬಿಟ್ಟೆ. ಅವಸರದಲ್ಲಿ ಹೊಸದನ್ನು ಓರೆಯಾಗಿ ತುರುಕಿ ಎರಡು ಪಿನ್ನು ಬಗ್ಗಿಸಿದೆ. ಅವನ್ನು ನೆಟ್ಟಗೆ ಮಾಡುವುದರಲ್ಲೇ ಪಂದ್ಯದ ಹೊತ್ತು ಮೀರಿತು. ಲೈನು ಜೀವ ಪಡೆದದ್ದು ಮಾರನೆಯ ಬೆಳಿಗ್ಗೆ.

ಅಷ್ಟರಲ್ಲಿ ಮೊದಲ ಬಸ್ಸಿಗೆ ಹುಡುಗಿಯ ಅಪ್ಪ ಸಾಗರದಿಂದ ಬಂದಿಳಿದಿದ್ದರು. ಗೌಡರ ಮನೆಯ ದಾರಿ ತಿಳಿಯದೆ ನಮ್ಮಲ್ಲಿಗೇ ಬಂದರು.

“‘ಹುಡುಗ ಬಂಗಾರದಂಥವ್ನು, ಆದ್ರೆ...’ ಅಂದ್ರು ಗೌಡ್ರು. ಲೈನ್ ಹೋಯ್ತು. ಆದ್ರೆ ಎಂತದು? ಕುಡೀತಾನಾ? ಮೊದ್ಲೇ ಒಂದು ಮದ್ವೆ ಆಗಿದ್ಯಾ? ನಮ್ಮನೇಲಿ ನಿನ್ನೆಯಿಂದ ಯಾರೂ ನೆಟ್ಟಗೆ ಉಂಡಿಲ್ಲ ಕಣ್ರೀ.”

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೌಡರಿಗೆ ಫೋನು ಜೋಡಿಸಿ, ರಿಸೀವರನ್ನು ಹುಡುಗಿಯ ಅಪ್ಪನ ಕೈಗಿತ್ತರು. ಗೌಡರ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು.

“ಆದ್ರೆ ಅವನಿಗೆ ಹಲಸಿನ ಹಣ್ಣು ಕಂಡ್ರಾಗಲ್ಲ. ನೋಡಕ್ಕೆ ಬಂದಾಗ ಹಲಸಿನ ಕಡುಬು ಮಾಡ್ಬೇಡಿ ಅಂತಿದ್ದೆ ಮಾರಾಯ್ರೆ! ಅಷ್ಟರಲ್ಲಿ ಲೈನ್ ಕಡಿದವ್ನು ಯಾವನು?”

ಅಕ್ಕ ನನ್ನನ್ನೇ ನೋಡುತ್ತಿದ್ದರು. ಬೇರೆ ದಾರಿಯಿರಲಿಲ್ಲ.

“ನಾನೇ ಸಾರ್. ವಾಲಿಬಾಲ್ ಮ್ಯಾಚಿತ್ತು.”

ಹುಡುಗಿಯ ಅಪ್ಪ ರಿಸೀವರ್ ಇಟ್ಟು ಬೆಂಚಿನ ಮೇಲೆ ಕೂತರು. ನನ್ನನ್ನು ದುರುಗುಟ್ಟಿ ನೋಡಿ ಕೇಳಿದರು: “ಗೆದ್ರಾ?”

“ಹೋಗಕ್ಕೇ ಆಗ್ಲಿಲ್ಲ ಸಾರ್.”

“ಭೇಷ್! ಹಂಗೇ ಆಗ್ಬೇಕು ನಿಂಗೆ,” ಎಂದವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮದುವೆ ನಡೆಯಿತು. ಊಟದ ಪಂಕ್ತಿಯಲ್ಲಿ ಗೌಡರು ಬೀಗರಿಗೆಲ್ಲ ನನ್ನನ್ನು ತೋರಿಸಿ, “ಸಂಬಂಧ ಕಡಿಯಕ್ಕೆ ನೋಡಿದ್ನಲ್ಲ, ಇವ್ನೇ,” ಎಂದು ಪರಿಚಯಿಸಿದರು.

ಆಮೇಲೆ ಅಕ್ಕ ತಲೆಯಾಡಿಸುವ ತನಕ ನಾನು ಯಾವ ಕಾರ್ಡಿಗೂ ಕೈ ಹಾಕಲಿಲ್ಲ. ಅದು ಗೊತ್ತಿದ್ದೇ ಅವರು, ಲೈನು ಖಾಲಿಯಿದ್ದರೂ, ಒಮ್ಮೊಮ್ಮೆ ಹತ್ತು ನಿಮಿಷ ನನ್ನನ್ನು ಸುಮ್ಮನೆ ನಿಲ್ಲಿಸುತ್ತಿದ್ದರು.